ವರನ ವಯಸ್ಸನ್ನೂ ಕೇಳಿ

ಮಾನ್ಯ ಸಂಪಾದಕರೇ,

ನಮ್ಮ ಸಿರುಗುಪ್ಪ ಕಡೆ ಹುಡುಗಿಗೆ 28 ದಾಟಿದರೆ ಸಾಕು, ಹೆಣ್ಣು ನೋಡಲು ಬಂದವರು ‘ಮುಂದ ಮಕ್ಕಳಾಗೋದು ಕಷ್ಟ’ ಎಂದು ಎದ್ದು ಹೋಗುತ್ತಾರೆ. ವರನಿಗೆ 45 ಆಗಿದ್ದರೂ ‘ಗಂಡಸಿಗೆ ಎಂಥಾ ವಯಸ್ಸು’ ಅನ್ನುತ್ತಾರೆ. ಹೊಲ ಎಷ್ಟು ಎಕರೆ, ಕಾಲುವೆ ನೀರು ಬರುತ್ತದಾ ಎಂಬುದಷ್ಟೇ ವಿಚಾರಣೆ. ಮುಂದೆ ಮಗುವಿಗೆ ಮಾನಸಿಕ ಕಾಯಿಲೆ ಬಂದರೆ ಮಾತ್ರ ‘ಆಕಿ ತವರುಮನ್ಯಾಗ ಹಂಗ ಐತಿ’ ಎಂಬ ಮಾತು ಬರುತ್ತದೆ.

ತಂದೆಯ ವಯಸ್ಸಿಗೂ ಇದಕ್ಕೂ ನಂಟಿದೆ. 2001ರಲ್ಲಿ ಪ್ರಕಟವಾದ ಜೆರುಸಲೇಂ ಅಧ್ಯಯನದಲ್ಲಿ, 25ರೊಳಗಿನ ತಂದೆಯರ ಮಕ್ಕಳಿಗಿಂತ 50 ದಾಟಿದವರ ಮಕ್ಕಳಲ್ಲಿ ಸ್ಕಿಜೋಫ್ರೇನಿಯಾ (ಇಲ್ಲದ ದನಿ ಕೇಳಿಸುವ, ವಿಪರೀತ ಅನುಮಾನ ಹುಟ್ಟಿಸುವ ತೀವ್ರ ಮಾನಸಿಕ ಕಾಯಿಲೆ) ಸುಮಾರು 3 ಪಟ್ಟು ಜಾಸ್ತಿ ಕಂಡಿತ್ತು. ಹೆಣ್ಣಿನ ಅಂಡಾಣುಗಳು ಆಕೆ ಹುಟ್ಟುವ ಮೊದಲೇ ರೂಪುಗೊಂಡಿರುತ್ತವೆ. ಗಂಡಸಿನಲ್ಲಿ ಹಾಗಲ್ಲ. ವೀರ್ಯಾಣು ತಯಾರಿಸುವ ಕೋಶಗಳು ವಯಸ್ಸಾದರೂ ಒಡೆಯುತ್ತಾ, ನಕಲಾಗುತ್ತಾ ಇರುತ್ತವೆ. ನಕಲು ಮಾಡುವಾಗ ಒಮ್ಮೊಮ್ಮೆ ತಪ್ಪು ಉಳಿಯುತ್ತದೆ. ತಂದೆಯ ವಯಸ್ಸು ಒಂದು ವರ್ಷ ಏರಿದರೆ ಮಗುವಿಗೆ ಸುಮಾರು 2 ಹೊಸ ವಂಶವಾಹಿ ಬದಲಾವಣೆ ಹೆಚ್ಚು ಸಿಗುತ್ತವೆ ಎಂದು 2012ರಲ್ಲಿ ಐಸ್‌ಲ್ಯಾಂಡಿನ ವಿಜ್ಞಾನಿಗಳು ಲೆಕ್ಕ ಹಾಕಿದರು. ಬಹುಪಾಲು ಬದಲಾವಣೆಗಳಿಂದ ಏನೂ ಆಗುವುದಿಲ್ಲ ಅನ್ನಿ.

ಸುಮ್ನೆ ಹೆದರುವುದೂ ಬೇಡ. ಸ್ಕಿಜೋಫ್ರೇನಿಯಾ ಸಾಮಾನ್ಯವಾಗಿ ನೂರಕ್ಕೆ ಒಬ್ಬರಿಗೂ ಬರುವುದಿಲ್ಲ. ಅದು 3 ಪಟ್ಟಾದರೂ ನೂರರಲ್ಲಿ 97 ಮಕ್ಕಳಿಗೆ ಬರುವುದಿಲ್ಲ, ಅಲ್ವಾ? ವಯಸ್ಸೊಂದೇ ಕಾರಣವಲ್ಲ, ತಡವಾಗಿ ತಂದೆಯಾಗುವ ಕೆಲವರಲ್ಲಿ ಮೊದಲೇ ಆ ಕಾಯಿಲೆಯ ಅಂಶ ಇರಬಹುದು ಎನ್ನುವ ತಜ್ಞರೂ ಇದ್ದಾರೆ. ಹೆಣ್ಣು ಸಿಗದೆ ಮದುವೆ ತಡವಾದ ರೈತರನ್ನು ದೂರುವುದು ನನ್ನ ಉದ್ದೇಶವಲ್ಲ. ಆದರೆ ತಪ್ಪೆಲ್ಲ ತಾಯಿಯ ತಲೆಗೆ ಕಟ್ಟುವುದು ಅನ್ಯಾಯ.

ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರುಗಳಿಗೇ ಮಾನಸಿಕ ಚಿಕಿತ್ಸೆ ಕಲಿಸಿ, 1980ರ ದಶಕದಲ್ಲಿ ನಿಮ್ಹಾನ್ಸ್ ಪ್ರಯೋಗ ನಡೆಸಿದ್ದು ನಮ್ಮ ಬಳ್ಳಾರಿ ಜಿಲ್ಲೆಯಲ್ಲೇ. ಅದೇ ಮಾದರಿಯ ಮೇಲೆ 1996ರಲ್ಲಿ ದೇಶದಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾಯಿತು. ದೇಶಕ್ಕೇ ದಾರಿ ತೋರಿಸಿದ ಜಿಲ್ಲೆಯಲ್ಲಿ ಇಂದಿಗೂ ಗಾಳಿ ಸೋಕಿದೆ ಎಂದು ತಾಯಿತ ಕಟ್ಟಿಸಿ ವರ್ಷಗಟ್ಟಲೆ ಕಾಯುವ ಮನೆಗಳಿವೆ. ಹೊಸದಾಗಿ ಮದುವೆಯಾದವರಿಗೆ ಆರೋಗ್ಯ ಇಲಾಖೆಯವರು ತಿಳಿವಳಿಕೆ ಹೇಳುವಾಗ ಗಂಡನನ್ನೂ ಕೂರಿಸಿಕೊಂಡು ಈ ವಿಷಯ ಹೇಳಲಿ. ಅತ್ತೆ ಕೂತರೆ ಇನ್ನೂ ಒಳ್ಳೆಯದು. ಬೆಳೆದ ಮಕ್ಕಳು ನಿದ್ದೆ ಬಿಟ್ಟು ಒಬ್ಬರೇ ಮಾತಾಡತೊಡಗಿದರೆ, ಎಲ್ಲರನ್ನೂ ಅನುಮಾನದಿಂದ ನೋಡತೊಡಗಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ. ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಕೊಡಬೇಕಿಲ್ಲ.

– ನಿವೃತ್ತ ಶಿಕ್ಷಕಿ, ಸಿರುಗುಪ್ಪ, ಬಳ್ಳಾರಿ ಜಿಲ್ಲೆ