ಈ ಬಿಳಿಕೂದಲಿಗಾದರೂ

ಪ್ರೀತಿಯ ಮಗಳೇ,

ಹೋದ ಭಾನುವಾರ ಫೋನಿನಲ್ಲಿ ನಿನ್ನ ಮೇಲೆ ರೇಗಿಬಿಟ್ಟೆ. "ಒಂದು ಸಹಿ ತಾನೇ? ಹಾಕಿ ಸುಮ್ನಿದ್ದಿದ್ರೆ ಕೆಲಸ ಉಳೀತಿತ್ತು. ಈ ಬಿಳಿಕೂದಲಿಗಾದ್ರೂ ಬೆಲೆ ಕೊಡಬಾರದಾ?" ಅಂದೆ. ಸುಳ್ಳು ಲೆಕ್ಕಕ್ಕೆ ಸಹಿ ಹಾಕಲ್ಲ ಅಂತ ಕೆಲಸ ಬಿಟ್ಟು ಬಂದವಳಿಗೆ ಅಪ್ಪ ಆಡುವ ಮಾತಾ ಅದು? ನೀನು ಜಗಳ ಆಡಲಿಲ್ಲ. "ಊಟ ಆಯ್ತಾ ಅಪ್ಪಾ?" ಅಂತ ಮಾತ್ರ ಕೇಳಿದೆ.

ಆ ರಾತ್ರಿ ನಿದ್ದೆ ಬರಲಿಲ್ಲ. ಎದ್ದು ಸಂತ ಪೆರ್ಪೆತುವಾಳ ಜೈಲಿನ ಬರಹ ಓದುತ್ತಾ ಕೂತೆ. ಚಿಕ್ಕವಳಿದ್ದಾಗ ನೀನು, ಚರ್ಚಿನ ಪೂಜೆಯಲ್ಲಿ ಗುರುಗಳು "ಫೆಲಿಸಿತಾ, ಪೆರ್ಪೆತುವಾ, ಆಗಾತಾ, ಲೂಸಿಯಾ" ಅಂತ ಓದುವಾಗ "ಇವರೆಲ್ಲ ಯಾರಪ್ಪಾ?" ಅಂತ ಪಿಸುಗುಟ್ಟಿದ್ದೆ. ಆಗ ಉತ್ತರ ಕೊಡಲಿಲ್ಲ. ಈಗ ಹೇಳುತ್ತೇನೆ.

ಇಂದಿನ ಟ್ಯುನಿಷಿಯಾದಲ್ಲಿರುವ ಕಾರ್ಥೇಜ್. ಕ್ರಿ.ಶ. 203. ಪೆರ್ಪೆತುವಾಳಿಗೆ ಸುಮಾರು 22 ವರ್ಷ, ನಿನ್ನದೇ ವಯಸ್ಸು. ಅನುಕೂಲಸ್ಥರ ಮನೆ ಹುಡುಗಿ, ಚೆನ್ನಾಗಿ ಓದಿದವಳು. ಮದುವೆಯಾಗಿ ಎದೆಹಾಲು ಕುಡಿಯುವ ಗಂಡುಮಗುವಿತ್ತು. ಕ್ರೈಸ್ತಳಾಗಲು ಜ್ಞಾನಸ್ನಾನಕ್ಕೆ ತಯಾರಾಗುತ್ತಿದ್ದಾಗಲೇ ಅವಳನ್ನೂ ಜೊತೆಯವರನ್ನೂ ಹಿಡಿದರು. ಅವರಲ್ಲಿ ಫೆಲಿಸಿತಾ ದಾಸಿ, ತುಂಬಿದ ಬಸುರಿ. ಜೈಲಿನಲ್ಲಿ ನಡೆದದ್ದನ್ನು ಪೆರ್ಪೆತುವಾ ತಾನೇ ಬರೆದಿಟ್ಟಳು. ಕ್ರೈಸ್ತ ಹೆಣ್ಣುಮಗಳೊಬ್ಬಳು ಬರೆದು ಇಂದಿಗೂ ಉಳಿದಿರುವ ಬರಹಗಳಲ್ಲಿ ತೀರಾ ಹಳೆಯವುಗಳಲ್ಲಿ ಅದೂ ಒಂದು.

ಅವಳು ಧೀರೆ ಅಂತ ತೋರಿಸಿಕೊಳ್ಳುವುದಿಲ್ಲ. ಅಂಥ ಕತ್ತಲು ನೋಡೇ ಇರಲಿಲ್ಲ, ಹೆದರಿಹೋದೆ ಅನ್ನುತ್ತಾಳೆ. ಸೆಕೆ, ನೂಕುನುಗ್ಗಲು, ಹಸಿದು ಸೊರಗಿದ ಮಗುವಿನ ಚಿಂತೆ. ಮಗುವನ್ನು ಜೊತೆಗಿಟ್ಟುಕೊಳ್ಳಲು ಬಿಟ್ಟ ಮೇಲೆ ಅದೇ ಜೈಲು ಅರಮನೆಯಾಯಿತಂತೆ.

ಆದರೆ ನನ್ನನ್ನು ಅಲ್ಲಾಡಿಸಿದ್ದು ಅವಳ ಅಪ್ಪ. ಅವನು ಕ್ರೈಸ್ತನಲ್ಲ. ಮೊದಲ ಸಲ ಬಂದು ಮನಸ್ಸು ಬದಲಿಸಲು ನೋಡುತ್ತಾನೆ. ಅವಳು ಅಲ್ಲಿದ್ದ ಹೂಜಿಯೊಂದನ್ನು ತೋರಿಸಿ, ಇದನ್ನು ಹೂಜಿಯಲ್ಲದೆ ಬೇರೆ ಹೆಸರಿನಿಂದ ಕರೆಯೋಕಾಗುತ್ತಾ ಅಂತ ಕೇಳುತ್ತಾಳೆ. ಇಲ್ಲ ಅನ್ನುತ್ತಾನೆ. ಹಾಗೇ ನಾನೂ, ನಾನು ಏನೋ ಅದೇ, ಕ್ರೈಸ್ತಳು ಅನ್ನುತ್ತಾಳೆ. ಅಪ್ಪ ಕಣ್ಣು ಕೀಳುವವನಂತೆ ಮೈಮೇಲೆ ಬೀಳುತ್ತಾನೆ.

ಎರಡನೇ ಸಲ ಬರುವಾಗ ಸೊರಗಿದ್ದಾನೆ. ನನ್ನ ನರೆಗೂದಲ ಮೇಲೆ ಕರುಣೆ ಇಡು, ನಿನ್ನ ಅಣ್ಣತಮ್ಮಂದಿರಿಗಿಂತ ಜಾಸ್ತಿ ನಿನ್ನನ್ನೇ ಹಚ್ಚಿಕೊಂಡಿದ್ದೆ, ನಿನ್ನ ಮಗನ ಮುಖ ನೋಡು ಅನ್ನುತ್ತಾನೆ. ಕೈಗೆ ಮುತ್ತಿಟ್ಟು ಕಾಲಿಗೆ ಬೀಳುತ್ತಾನೆ. ಅಳುತ್ತಾ ಮಗಳೇ ಅನ್ನದೆ ಅಮ್ಮಾವ್ರೇ ಅನ್ನುತ್ತಾನೆ. ಆ ನರೆಗೂದಲ ಮಾತು ಓದಿದಾಗ ಪುಸ್ತಕ ಮುಚ್ಚಿಟ್ಟೆ, ಪುಟ್ಟಿ. ಅದು ನಾನೇ ಆಡಿದ ಮಾತು.

ವಿಚಾರಣೆಯ ದಿನ ಅಪ್ಪ ಮಗುವನ್ನೆತ್ತಿಕೊಂಡೇ ಬಂದ. ಅಧಿಕಾರಿ ಹಿಲಾರಿಯಾನುಸ್ ಕೇಳಿದ್ದು ಇಷ್ಟೇ: ಚಕ್ರವರ್ತಿಗಳ ಕ್ಷೇಮಕ್ಕೆ ಒಂದು ಬಲಿ ಅರ್ಪಿಸು. ಒಂದು ಸಹಿ ತಾನೇ ಅಂದ ಹಾಗೆ! ಒಲ್ಲೆ ಅಂದಳು. ಅಪ್ಪ ಇನ್ನೂ ಬೇಡುತ್ತಿದ್ದಾಗ ಅವನನ್ನು ಕೆಡವಿ ಕೋಲಿನಿಂದ ಹೊಡೆಸಿದರು. ತನಗೇ ಏಟು ಬಿದ್ದಷ್ಟು ಸಂಕಟವಾಯಿತು ಅಂತ ಮಗಳು ಬರೆಯುತ್ತಾಳೆ. ಅವಳಿಗೆ ಅಪ್ಪನ ಮೇಲೆ ಸಿಟ್ಟೇ ಇಲ್ಲ ನೋಡು. ಅಪ್ಪನ ಮಾತು ಕೇಳಲಿಲ್ಲ, ಅಪ್ಪನನ್ನು ಬಿಟ್ಟುಕೊಡಲೂ ಇಲ್ಲ.

ಎಲ್ಲರಿಗೂ ಕಾಡುಮೃಗಗಳಿಗೆ ಒಡ್ಡಿ ಕೊಲ್ಲುವ ಶಿಕ್ಷೆಯಾಯಿತು. ಆಮೇಲೆ ಅಪ್ಪ ಮಗುವನ್ನು ಅವಳಿಗೆ ಕೊಡಲಿಲ್ಲ. ಮಗು ಮತ್ತೆ ಹಾಲು ಕೇಳಲಿಲ್ಲ, ಅವಳಿಗೂ ಹಾಲು ಕಟ್ಟಿ ಬಾವು ಬರಲಿಲ್ಲ. ಇಂಥದ್ದನ್ನು ತಾಯಿಯಲ್ಲದೆ ಇನ್ನಾರು ಬರೆದಾರು? ನಿಮ್ಮಮ್ಮನಿಗೆ ಓದಿ ಹೇಳಿದೆ, ತುಂಬಾ ಹೊತ್ತು ಮಾತಾಡಲಿಲ್ಲ.

ಬಸುರಿಯರನ್ನು ಕೊಲ್ಲಲು ರೋಮಿನ ಕಾನೂನು ಬಿಡುತ್ತಿರಲಿಲ್ಲ. ತಾನೊಬ್ಬಳೇ ಹಿಂದೆ ಉಳಿದುಬಿಡುತ್ತೇನೇನೋ ಅಂತ ಫೆಲಿಸಿತಾಗೆ ಚಿಂತೆ. ಎಂಟನೇ ತಿಂಗಳಲ್ಲೇ ಹೆರಿಗೆಯಾಯಿತು. ಆ ಹೆಣ್ಣುಮಗುವನ್ನು ಕ್ರೈಸ್ತ ಹೆಂಗಸೊಬ್ಬಳು ಸಾಕಿದಳು.

ಪೆರ್ಪೆತುವಾ ಸಾಯುವ ಹಿಂದಿನ ದಿನದವರೆಗೆ ಬರೆದು, ಮುಂದಿನದನ್ನು ಬೇಕಾದವರು ಬರೆಯಲಿ ಅಂತ ನಿಲ್ಲಿಸುತ್ತಾಳೆ. ಬೇರೊಬ್ಬರು ಬರೆದರು. ಮಾರ್ಚ್ 7, ರಾಜಕುಮಾರ ಗೇತಾನ ಹುಟ್ಟುಹಬ್ಬಕ್ಕೆ ಜನರೆದುರು ನಡೆಸುವ ಮೃಗಗಳ ಆಟ. ಇಬ್ಬರ ಮೇಲೂ ಹುಚ್ಚು ಹಸುವನ್ನು ಬಿಟ್ಟರು. ಬಿದ್ದ ಪೆರ್ಪೆತುವಾ ಹರಿದ ಬಟ್ಟೆ ಸರಿಮಾಡಿಕೊಂಡಳು. ಪಿನ್ನು ಕೇಳಿ ಕೆದರಿದ ಕೂದಲು ಕಟ್ಟಿಕೊಂಡಳು, ಕೂದಲು ಬಿಟ್ಟುಕೊಂಡರೆ ಸೂತಕದವಳಂತೆ ಕಾಣುತ್ತೇನೆ ಅಂತ. ಆಮೇಲೆ ಫೆಲಿಸಿತಾಳನ್ನು ಕೈಹಿಡಿದು ಎಬ್ಬಿಸಿದಳು. ದೊಡ್ಡ ಮನೆಯ ಮಗಳು, ದಾಸಿ, ಪಕ್ಕಪಕ್ಕ ನಿಂತರು. ಕೊನೆಗೆ ಕತ್ತಿ ಹಿಡಿದ ಹೊಸಬನ ಕೈ ತಪ್ಪಿ ಏಟು ಮೂಳೆಗೆ ಬಿತ್ತು. ಅವನ ನಡುಗುವ ಕೈಯನ್ನು ಅವಳೇ ತನ್ನ ಕೊರಳಿಗೆ ತಂದಿಟ್ಟುಕೊಂಡಳು.

ಇನ್ನೂರು ವರ್ಷದ ಮೇಲೂ ಅವರ ಹಬ್ಬದ ದಿನ ಬಿಷಪರಾಗಿದ್ದ ಸಂತ ಅಗಸ್ಟೀನರು ಜನರಿಗೆ ಪ್ರಸಂಗ ಮಾಡುತ್ತಿದ್ದರು. ಅವಳ ಅಪ್ಪನ ಹೆಸರು ಮಾತ್ರ ಅವಳ ಬರಹದಲ್ಲಿ ಎಲ್ಲೂ ಇಲ್ಲ. ಪೂಜೆಯಲ್ಲಿ ಅವಳ ಹೆಸರು ಕೇಳಿದಾಗಲೆಲ್ಲ ಇನ್ನು ಮುಂದೆ ಅವನಿಗೂ ಒಂದು ಪ್ರಾರ್ಥನೆ ಹೇಳಿಕೊಳ್ಳುತ್ತೇನೆ.

ಶನಿವಾರ ಬಸ್ ಹತ್ತು. ಬಸ್ ಸ್ಟ್ಯಾಂಡಿಗೆ ನಾನೇ ಬರುತ್ತೇನೆ. ಸಹಿಯ ಮಾತು ನಾನು ಎತ್ತಲ್ಲ. ನಿನಗೆ ಹೇಳಬೇಕು ಅನ್ನಿಸಿದರೆ ಹೇಳು, ಈ ಸಲ ಪೂರ್ತಿ ಕೇಳುತ್ತೇನೆ.

ನಿನ್ನ
ಅಪ್ಪ