ಮಗಳಿಗೊಂದು ಪತ್ರ: ಹಂದಿಜ್ವರದ ಲಸಿಕೆ

ಶಿವಮೊಗ್ಗ, ಅಕ್ಟೋಬರ್ 2009

ಪ್ರೀತಿಯ ಪುಟ್ಟಿ,

ಬಸುರಿಯಾಗಿರುವಾಗ ಈ ಹಂದಿಜ್ವರದ ಲಸಿಕೆ ಹಾಕಿಸಿಕೊಳ್ಳಲೋ ಬೇಡವೋ ಅಂತ ಕೇಳಿ ನೀನು ಅಮೆರಿಕದಿಂದ ಕಳಿಸಿದ್ದನ್ನೆಲ್ಲ ಓದಿದೆ. ನಿಮ್ಮಪ್ಪನಿಗೂ ಓದಿ ಹೇಳಿದೆ. "ಬಸುರಿಗೆ ಯಾಕೆ ಹೊಸ ಮದ್ದು, ಸುಮ್ನೆ ಮನೇಲಿರಲಿ" ಅಂದರು. ದಿನಾ ರೈಲು ಹತ್ತಿ ಆಫೀಸಿಗೆ ಹೋಗುವವಳು ನೀನು, ಹೇಗೆ ಮನೇಲಿರ್ತೀಯ?

ನಿನ್ನ ಗೆಳತಿ 1976ರ ಕಥೆ ಹೇಳಿ ಹೆದರಿಸಿದ್ದಾಳೆ. ಅದೇನೂ ಸುಳ್ಳಲ್ಲ. ಆಗ ಅಮೆರಿಕದಲ್ಲಿ 4 ಕೋಟಿಗೂ ಜಾಸ್ತಿ ಜನ ಹಂದಿಜ್ವರದ ಲಸಿಕೆ ಹಾಕಿಸಿಕೊಂಡರು. ಲಕ್ಷಕ್ಕೆ ಸುಮಾರು ಒಬ್ಬರಿಗೆ ಅದರಿಂದ ಕೈಕಾಲು ಸೋಲುವ ಗಿಲಾನ್ ಬಾರೆ ಕಾಯಿಲೆ ಬಂತು. ಡಿಸೆಂಬರಿನಲ್ಲಿ ಲಸಿಕೆ ನಿಲ್ಲಿಸಿಬಿಟ್ಟರು. ಆದರೆ ಆ ಜ್ವರ ನಿಮ್ಮ ನ್ಯೂಜೆರ್ಸಿಯದೇ ಫೋರ್ಟ್ ಡಿಕ್ಸ್ ಸೇನಾ ಶಿಬಿರ ದಾಟಿ ಹಬ್ಬಲೇ ಇಲ್ಲ. ಬಾರದ ಜ್ವರಕ್ಕೆ ಲಕ್ಷಕ್ಕೊಬ್ಬರು ಅಂದರೂ ದುಬಾರಿಯೇ. ಈ ಸಲ ಜ್ವರ ಬಂದು ಕೂತಿದೆ. ಆಗಸ್ಟಿನಲ್ಲಿ ಪುಣೆಯಲ್ಲಿ ಒಬ್ಬ ಹುಡುಗಿ ಇದೇ ಜ್ವರದಿಂದ ತೀರಿಕೊಂಡ ಮೇಲೆ ಇಲ್ಲೂ ಮೆಡಿಕಲ್ ಶಾಪಿನವರಿಗೆ ಮಾಸ್ಕ್ ಕೊಟ್ಟು ಪೂರೈಸಲಿಲ್ಲ.

ಹೆರಿಗೆ ವಾರ್ಡಿನಲ್ಲಿ ನರ್ಸಾಗಿದ್ದವಳು ನಾನು, ಬಸುರಿಯರ ಉಸಿರಾಟ ನೋಡಿದ್ದೇನೆ. ತಿಂಗಳು ತುಂಬುತ್ತಾ ಬಂದ ಹಾಗೆ ಹೊಟ್ಟೆ ಎದೆಯನ್ನು ಮೇಲಕ್ಕೊತ್ತುತ್ತದೆ. ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು. ಮಾತಾಡುತ್ತಾ ನಡುವೆ ನಿಲ್ಲಿಸಿ ಉಸಿರೆಳೆದುಕೊಳ್ಳುತ್ತಾರೆ. ಅಂಥ ಹೊತ್ತಿನಲ್ಲಿ ಜ್ವರ ಶ್ವಾಸಕೋಶಕ್ಕಿಳಿದರೆ ತುಂಬಾ ಕಷ್ಟ. ಬಸುರಿಯರಿಗೇ ಮೊದಲು ಹಾಕಿ ಅಂತ ಅಲ್ಲಿಯ ಸರ್ಕಾರ ಹೇಳಿರುವುದು ಅದಕ್ಕೇ.

ಇನ್ನು ಲಸಿಕೆ ಹೊಸದು ಅನ್ನೋ ಮಾತು. ಹೊಸದು ವೈರಸ್, ಮಾಡುವ ವಿಧಾನ ಹಳೆಯದೇ. ಪ್ರತಿ ವರ್ಷದ ಫ್ಲೂ ಲಸಿಕೆಯ ಹಾಗೆ ಇದನ್ನೂ ಕೋಳಿಮೊಟ್ಟೆಯಲ್ಲೇ ಬೆಳೆಸುತ್ತಾರೆ. ಅದಕ್ಕೇ ಹಾಕುವ ಮುಂಚೆ ಮೊಟ್ಟೆ ಆಗಿಬರುತ್ತಾ ಅಂತ ಕೇಳುತ್ತಾರೆ. ಹಾಸ್ಟೆಲಿನಲ್ಲಿ ನೀನು ಆಮ್ಲೆಟ್ ತಿನ್ನುತ್ತಿದ್ದುದು ನನಗೆ ಗೊತ್ತು, ಧೈರ್ಯವಾಗಿ ಹೇಳು.

ಒಂದು ವಿಷಯ ಮಾತ್ರ ಮರೀಬೇಡ. ಮೂಗಿಗೆ ಸಿಂಪಡಿಸುವ ಲಸಿಕೆ ಬೇಡ. ಅದರಲ್ಲಿ ಶಕ್ತಿ ಕುಂದಿಸಿದ ಜೀವಂತ ವೈರಸ್ ಇರುತ್ತದೆ, ಬಸುರಿಯರಿಗಲ್ಲ. ತೋಳಿಗೆ ಚುಚ್ಚುವುದನ್ನೇ ಕೇಳು. ಪಾದರಸದ ಅಂಶ ಇರುತ್ತೆ ಅಂತ ಬರೆದಿದ್ದೀಯಲ್ಲ, ಅದು ಹತ್ತು ಜನಕ್ಕೆ ಹಾಕುವ ದೊಡ್ಡ ಸೀಸೆಯಲ್ಲಿ, ಕೆಡದಿರಲಿ ಅಂತ ಒಂಚೂರು ಹಾಕುವುದು. ಒಬ್ಬರಿಗೇ ಅಂತ ತುಂಬಿಟ್ಟ ಸಿರಿಂಜೂ ಸಿಗುತ್ತದೆ. ಅದು ಸಿಕ್ಕರೆ ನಿನಗೂ ಸಮಾಧಾನ.

ನೀನು ಹೊಟ್ಟೆಯಲ್ಲಿದ್ದಾಗ ನಾನೂ ಟಿಟಿ ಹಾಕಿಸಿಕೊಂಡವಳೇ, ಹುಟ್ಟಿದ ಕೂಸಿಗೆ ಧನುರ್ವಾಯು ಬಾರದಿರಲಿ ಅಂತ. ಇದೂ ಹಾಗೇ, ನಿನ್ನ ಮೈಯಲ್ಲಿ ಹುಟ್ಟುವ, ರೋಗದ ಜೊತೆ ಹೋರಾಡುವ ಪ್ರತಿಕಾಯ ಮಗುವಿಗೂ ಹೋಗುತ್ತದೆ. ಆರು ತಿಂಗಳೊಳಗಿನ ಕೂಸಿಗೆ ಫ್ಲೂ ಲಸಿಕೆ ಹಾಕುವ ಹಾಗಿಲ್ಲ ನೋಡು.

ತೀರ್ಮಾನ ನಿಂದು. ನನ್ನನ್ನು ಕೇಳಿದರೆ ಹಾಕಿಸಿಕೋ ಅಂತೀನಿ. ಎಳೆಗೂಸು ಇರುವ ಮನೆಯವರಿಗೂ ಮೊದಲ ಸರದಿಯಲ್ಲೇ ಹಾಕುತ್ತಾರಂತೆ, ಅಳಿಯಂದಿರಿಗೂ ಹೇಳು. ಬಾಣಂತನಕ್ಕೆ ಜನವರಿಯಲ್ಲಿ ಬರ್ತೀನಲ್ಲ, ಇಲ್ಲಿ ಆ ಲಸಿಕೆ ಇನ್ನೂ ಬಂದಿಲ್ಲ. ಊರಿಂದ ಬಂದ ಅಜ್ಜಿಗೂ ಅಲ್ಲಿ ಹಾಕ್ತಾರಾ ವಿಚಾರಿಸಿಡು.

ನಿನ್ನ
ಅಮ್ಮ