ಗ್ರಂಧಿಗೆ ಅಂಗಡಿಗೆ ಒಂದು ನಮಸ್ಕಾರ

ಮೊನ್ನೆ ಆಯುಧಪೂಜೆ ನನ್ನ ಕೆಲಸದ ಕೊನೆಯ ದಿನ. ಮೈಸೂರಿನ ದೇವರಾಜ ಮಾರುಕಟ್ಟೆಗೆ ನಾಲ್ಕು ಹೆಜ್ಜೆ ದೂರದ ಗ್ರಂಧಿಗೆ ಅಂಗಡಿ. ಮೂರು ಜನ ನಿಂತರೆ ನಾಲ್ಕನೆಯವರು ಮೆಟ್ಟಿಲ ಮೇಲೆ ಕಾಯಬೇಕು, ಅಷ್ಟೇ ಜಾಗ. ಸೋಮವಾರದಿಂದ ಬೇರೆ ಊರು, ಬೇರೆ ಕೆಲಸ. ಎದುರಿಗೆ ನಿಂತು ಹೇಳೋಕೆ ಹೋದರೆ ಅಳು ಬರುತ್ತೆ. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಸೇರಿದ್ದು 2020ರ ದಸರಾ ಹೊತ್ತಿಗೆ. ಕೊರೊನಾ ಕಾಲ. ಆ ವರ್ಷ ಜಂಬೂಸವಾರಿ ಅರಮನೆ ಆವರಣ ಬಿಟ್ಟು ಹೊರಗೆ ಬರಲೇ ಇಲ್ಲ. ಅಪ್ಪನಿಗೆ ಕೆಲಸ ಹೋಗಿತ್ತು. ನನ್ನ ಕಾಲೇಜು ಫೋನಿನಲ್ಲಿ ನಡೆಯುತ್ತಿತ್ತು. ವ್ಯಾಪಾರವೇ ಇಲ್ಲದಾಗ ಯಾರಾದರೂ ಆಳು ಸೇರಿಸಿಕೊಳ್ಳುತ್ತಾರಾ? ಯಜಮಾನರು ಸೇರಿಸಿಕೊಂಡರು. ಮರುವರ್ಷದ ಲಾಕ್‌ಡೌನಿನಲ್ಲಿ ಶಟರ್ ಎಳೆದಾಗಲೂ ಅರ್ಧ ಸಂಬಳ ಮನೆಗೆ ಬರುತ್ತಿತ್ತು. ಕವರ್ ಮೇಲೆ 'ಮುಂಗಡ' ಅಂತ ಬರೆದಿರುತ್ತಿದ್ದರು. ಆ ಮುಂಗಡವನ್ನು ಇವತ್ತಿನವರೆಗೂ ಹಿಡಿದುಕೊಂಡಿಲ್ಲ.

ಪೊಟ್ಟಣ ಕಟ್ಟೋದು ಕಲಿಸಿದ್ದು ಅಮ್ಮ, ಅಂದರೆ ಯಜಮಾನರ ಹೆಂಡತಿ. ಪೇಪರ್ ಸುತ್ತಿ, ತಳ ಮಡಚಿ, ಸಾಮಾನು ಹಾಕಿ, ಬಾಯಿ ಮುಚ್ಚಿ, ದಾರ ಎರಡು ಸುತ್ತು ಸುತ್ತಿ ಬೆರಳಲ್ಲೇ ಪಟ್ ಅಂತ ಕಿತ್ತುಬಿಡಬೇಕು. ಮೊದಲ ವಾರವೇ ನಾನು ಕಟ್ಟಿದ ಕುಂಕುಮದ ಪೊಟ್ಟಣ ಒಬ್ಬರ ಬಿಳಿ ಪಂಚೆ ಮೇಲೆ ಬಿಚ್ಚಿಕೊಂಡಿತು. ಅಮ್ಮ ಅವರನ್ನು ಸಮಾಧಾನ ಮಾಡಿ ಕಳಿಸಿ, ನನ್ನ ಕಡೆ ತಿರುಗಿ "ಇನ್ನೊಂದ್ಸಲ ಮಡ್ಚು" ಅಂದರು. ಅಷ್ಟೇ.

ಬರುವವರಲ್ಲಿ ಅರ್ಧ ಜನಕ್ಕೆ ತಮಗೆ ಬೇಕಾದ್ದರ ಹೆಸರೇ ಗೊತ್ತಿರಲ್ಲ. "ಮಗೂಗೆ ತೇಯ್ದು ನೆಕ್ಕಿಸ್ತಾರಲ್ಲ, ಅದು" ಅಂತಾರೆ. ಬಜೆಯೋ, ಜಾಯಿಕಾಯಿಯೋ, ಅಳಲೆಕಾಯಿಯೋ? ಅಮ್ಮ ತಕ್ಕಡಿ ಮುಟ್ಟುವ ಮುಂಚೆ "ಎಷ್ಟು ತಿಂಗಳ ಮಗು?" ಅಂತ ಕೇಳುತ್ತಾರೆ. ಬಾಣಂತಿ ಸಾಮಾನಿಗೆ ಬಂದವರು ಮನೆ ಕಥೆಯೆಲ್ಲ ಹೇಳಿ, ಹಗುರಾಗಿ ಹೋಗುತ್ತಾರೆ. ಇನ್ಮೇಲೆ ಆ ಕಥೆಗಳು ನನಗಿಲ್ಲ.

ಒಂದು ಸಲ ಗೃಹಪ್ರವೇಶಕ್ಕೆ ನಾನು ಕಟ್ಟಿದ ನವಧಾನ್ಯದಲ್ಲಿ ಎಂಟೇ ಇತ್ತು. ಪುರೋಹಿತರು ಎಣಿಸಿದರಂತೆ! ಬೆಳಗಿನ ಜಾವ ಐದಕ್ಕೆ ಫೋನು. ಯಜಮಾನರು ಒಂದು ಹಿಡಿ ಹುರುಳಿ ತಗೊಂಡು ಸ್ಕೂಟರಲ್ಲಿ ಓಡಿದರು. ಬೈಗುಳ ಕೇಳೋಕೆ ಸಿದ್ಧಳಾಗಿ ನಿಂತಿದ್ದೆ. ಅವರು ಆ ಮನೆಯವರು ಕೊಟ್ಟ ಕೇಸರಿಬಾತ್ ನನ್ನ ಮುಂದಿಟ್ಟರು.

ಮೊನ್ನೆ ಬೂದುಗುಂಬಳ, ಕಡ್ಲೆಪುರಿ, ಅರಿಶಿನ ಕುಂಕುಮ ಅಂತ ಕತ್ತು ಎತ್ತಲಾರದಷ್ಟು ವ್ಯಾಪಾರ. ರಾತ್ರಿ ತಕ್ಕಡಿ ತೊಳೆದು, ಬಟ್ಟುಗಳನ್ನು ಸಾಲಾಗಿ ಜೋಡಿಸಿ ಪೂಜೆ. ಮಂಗಳಾರತಿ ತಟ್ಟೆ ಯಜಮಾನರೇ ಹಿಡಿಯೋದು ವಾಡಿಕೆ. "ಈ ಸಲ ನೀನು ಮಾಡಮ್ಮ" ಅಂದರು. ಕೈ ನಡುಗಿ ಕರ್ಪೂರ ಎರಡು ಸಲ ಆರಿತು. "ನಮ್ಮ ಅಂಗಡೀದೇ ಕರ್ಪೂರ, ಗಿರಾಕಿಗಳು ನೋಡಿದ್ರೆ ಏನಂದಾರು" ಅಂತ ಅಮ್ಮ ನಗಿಸಿದರು.

ಎದುರಿನ ಹೂವಿನ ಅಕ್ಕನಿಗೂ, ಸಂಜೆ ನಾಲ್ಕರ ಕಾಫಿಗೂ ಥ್ಯಾಂಕ್ಸ್. ಹೋದ ತಿಂಗಳು ಸೇರಿದ ತಮ್ಮನಿಗೆ ಒಂದೇ ಮಾತು: ನವಧಾನ್ಯ ಕಟ್ಟುವಾಗ ಹುರುಳಿ ಡಬ್ಬ ಮೇಲಿನ ಸಾಲಲ್ಲಿ, ಎಳ್ಳಿನ ಹಿಂದೆ ಇದೆ. ಕಾಣಲ್ಲ. ಕೈ ಹಾಕಿ ನೋಡು.